ಜಾಮ್ ಆದ ಹಳೇ ಮಾಡೆಲ್ ವಿಮಾನದ ಎಂಜಿನ್ ಬಿಡಿಸೋದು ಹೇಗೆ

ಪ್ರೊಪೆಲರ್ ತಿರುಗದಿದ್ದರೆ ಇಕ್ಕಳ ಹಾಕಬೇಡಿ. ಮಿಕ್ಕ ಮಾತೆಲ್ಲ ಆಮೇಲೆ. ಅಟ್ಟದ ಟ್ರಂಕಿನಲ್ಲೋ, ಗುಜರಿ ಅಂಗಡಿಯ ತಗಡಿನ ಡಬ್ಬದಲ್ಲೋ ಸಿಕ್ಕ ಹಳೇ ಎಂಜಿನ್ ಹಿಡಿದುಕೊಂಡು ಬರೋರು "ಇದು ಸತ್ತೋಗಿದೆ ಸಾರ್" ಅಂತಾರೆ. ಬಹುಪಾಲು ಸತ್ತಿರೋದಿಲ್ಲ. ಕೊನೇ ಸಲ ಓಡಿಸಿದಾಗ ಇಂಧನದಲ್ಲಿದ್ದು ಒಳಗೇ ಉಳಿದ ಹರಳೆಣ್ಣೆ ವರ್ಷಗಟ್ಟಲೆ ಒಣಗಿ ಗೋಂದಾಗಿ ಪಿಸ್ಟನ್ನನ್ನು ಹಿಡಿದುಕೊಂಡಿರುತ್ತೆ, ಅಷ್ಟೇ. ನಿಜವಾಗಿ ಸಾಯಿಸೋದು ಅದನ್ನು ತಿರುಗಿಸಲೇಬೇಕು ಅಂತ ಹಟ ಹಿಡಿದ ಕೈ.

ನಾನು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದವನು. ವಿಆರ್‌ಎಸ್ ತಗೊಂಡ ಮೇಲೆ ಕೈ ಸುಮ್ಮನಿರಲಿಲ್ಲ. ಕಾಲೇಜು ದಿನಗಳಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿ ಕಂಟ್ರೋಲ್ ಲೈನ್, ಅಂದರೆ ತಂತಿ ಹಿಡಿದು ಸುತ್ತ ಹಾರಿಸೋ ವಿಮಾನ ಹಾರಿಸಿದ ಹುಚ್ಚು ಮತ್ತೆ ಹತ್ತಿಕೊಂಡಿತು. ವಾಚ್ ಕೆಲಸ ಮಾಡಿದವನಿಗೆ ಈ ಎಂಜಿನ್‌ಗಳು ದೊಡ್ಡ ಯಂತ್ರಗಳೇ. ಆದರೆ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ಅದಕ್ಕೇ ಹೇಳ್ತಿರೋದು, ಬಲ ಬೇಡ ಅಂತ.

ಮೊದಲು ಎಂಜಿನ್ ಯಾವ ಜಾತಿದು ನೋಡಿ. ತಲೆಯ ಮೇಲೆ ಸಣ್ಣ ಪ್ಲಗ್ ಇದ್ದರೆ ಅದು ಗ್ಲೋ ಎಂಜಿನ್. ಜಪಾನಿನ ಓಎಸ್, ಎನ್ಯಾ ನಮ್ಮ ಕಡೆ ಹೆಚ್ಚು ಸಿಗೋವು. ಆ ಪ್ಲಗ್ಗಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ಇರುತ್ತೆ. ಶುರು ಮಾಡುವಾಗ ಒಂದೂವರೆ ವೋಲ್ಟ್ ಕೊಟ್ಟು ಕೆಂಪಗೆ ಮಾಡಿದರೆ ಸಾಕು, ಆಮೇಲೆ ಇಂಧನದಲ್ಲಿರೋ ಮೆಥನಾಲ್ ಜೊತೆ ಆಗೋ ಕ್ರಿಯೆಯಿಂದಲೇ ಅದು ಕಾದಿರುತ್ತೆ, ಬ್ಯಾಟರಿ ಬೇಕಿಲ್ಲ. ಅಮೆರಿಕದ ರೇ ಆರ್ಡೆನ್ 1947ರ ಸುಮಾರಿಗೆ ಇದನ್ನು ಮಾರುಕಟ್ಟೆಗೆ ತಂದ ಮೇಲೆ ಕಿಡಿ ಹೊಡೆಸೋಕೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಹೊತ್ತು ಹಾರುತ್ತಿದ್ದ ಪೆಟ್ರೋಲ್ ಎಂಜಿನ್‌ಗಳ ಕಾಲ ಮುಗೀತಾ ಬಂತು. ಪ್ಲಗ್ ಕಾಣದೆ ಇಡೀ ತಲೆಯೇ ಪ್ಲಗ್ ಆಗಿ, ಹಿಂದೆ ಪುಟ್ಟ ಟ್ಯಾಂಕ್ ಅಂಟಿಕೊಂಡಿದ್ದರೆ ಅದು ಕಾಕ್ಸ್, ಕ್ಯಾಲಿಫೋರ್ನಿಯಾದ್ದು, 0.049 ಕ್ಯೂಬಿಕ್ ಇಂಚು, ಅಂದರೆ ಸುಮಾರು 0.8 ಸಿಸಿ. ತಲೆಯ ಮೇಲೆ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಹೊಂದಿಸೋ ಅಡ್ಡಕಡ್ಡಿಯ ಸ್ಕ್ರೂ ಇದ್ದರೆ ಡೀಸೆಲ್. ಹೆಸರಿಗೆ ಡೀಸೆಲ್, ಬಂಕಿನ ಡೀಸೆಲ್ಲಿಗೂ ಇದಕ್ಕೂ ಸಂಬಂಧ ಇಲ್ಲ. ಇಂಗ್ಲೆಂಡಿನ ಮಿಲ್ಸ್, ಪಿಎಡಬ್ಲ್ಯು, ನಮ್ಮದೇ ಕಲ್ಕತ್ತಾದ ಅರೋರಾ ಈ ಜಾತಿಯವು. ನನಗೆ ಅರೋರಾ ಕಂಡರೆ ಸ್ವಲ್ಪ ಪಕ್ಷಪಾತ ಇದೆ, ಇರಲಿ.

ಈಗ ಟಾರ್ಚ್ ಹಾಕಿ ಹೊಗೆಕಿಂಡಿಯೊಳಗೆ ಇಣುಕಿ. ಜೋನಿಬೆಲ್ಲದ ಬಣ್ಣದ ಪೊರೆ ಕಂಡರೆ ಒಳ್ಳೇದು, ಹರಳೆಣ್ಣೆ. ಕೆಂಪು ಪುಡಿ ಕಂಡರೆ ತುಕ್ಕು. ತುಕ್ಕು ಪಿಸ್ಟನ್ ಗೋಡೆಗೆ ಹತ್ತಿದ್ದರೆ ಆ ಎಂಜಿನ್ನನ್ನು ಶೋಕೇಸಿನಲ್ಲಿಡಿ. ಬರೀ ಬೇರಿಂಗಿಗೆ ಹತ್ತಿದ್ದರೆ ಉಳಿಸಬಹುದು.

ಹರಳೆಣ್ಣೆ ಆದರೆ ಪೆಟ್ರೋಲಿನಲ್ಲಿ ನೆನೆಹಾಕೋಕೆ ಹೋಗಬೇಡಿ. ಎಲ್ಲರೂ ಮೊದಲು ಮಾಡೋದು ಅದನ್ನೇ. ಹರಳೆಣ್ಣೆ ಪೆಟ್ರೋಲಿನಲ್ಲಿ ಸರಿಯಾಗಿ ಕರಗೋದಿಲ್ಲ, ಆಲ್ಕೋಹಾಲಿನಲ್ಲಿ ಕರಗುತ್ತೆ. ಗ್ಲೋ ಇಂಧನಕ್ಕೆ ಹರಳೆಣ್ಣೆಯನ್ನೇ ಆರಿಸಿದ್ದಕ್ಕೆ ಅದೂ ಒಂದು ಕಾರಣ. ಗಾಡಿಗೆ ಹಾಕೋ ಆಯಿಲ್ ಮೆಥನಾಲ್ ಜೊತೆ ಸೇರೋದೇ ಇಲ್ಲ. ಹೊಸ ಪೊರೆ ಆದರೆ ಆಲ್ಕೋಹಾಲ್ ಸಾಕು. ಸುಟ್ಟು ಕಂದಿದ್ದಕ್ಕೆ ಶಾಖ ಬೇಕು.

ಶಾಖ ಕೊಡೋ ಮೊದಲು ಗ್ಲೋ ಎಂಜಿನ್ನಿನ ಪ್ಲಗ್ ಬಿಚ್ಚಿ. ಡೀಸೆಲ್ ಆದರೆ ಮೇಲಿನ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ. ಟ್ಯಾಂಕಿನಲ್ಲಿ ಹಳೇ ಇಂಧನ ಒಂದು ಹನಿಯೂ ಇರಬಾರದು. ಕಾಯಿಸೋಕೆ ಬಿಸಿಗಾಳಿ ಊದೋ ಹೀಟ್ ಗನ್, ಅದಿಲ್ಲದಿದ್ದರೆ ಮನೆಯ ಹೇರ್ ಡ್ರೈಯರೂ ನಡೆಯುತ್ತೆ, ಹೊತ್ತು ಹಿಡಿಯುತ್ತೆ ಅಷ್ಟೇ. ಗ್ಯಾಸ್ ಒಲೆಯ ಉರಿ ಮಾತ್ರ ಬೇಡ. ಸಿಲಿಂಡರಿನ ಸುತ್ತ ತಿರುಗಿಸುತ್ತಾ ಕಾಯಿಸಿ, ಕೈ ಇಡೋಕಾಗದಷ್ಟು ಬಿಸಿಯಾದ ಮೇಲೆ ದಪ್ಪ ಗ್ಲೌಸ್ ಹಾಕಿ ಮರದ ಪ್ರೊಪೆಲರ್ ಹಿಡಿದು ಮೆಲ್ಲಗೆ ಒಂದು ಕಡೆಗೆ, ಮೆಲ್ಲಗೆ ಇನ್ನೊಂದು ಕಡೆಗೆ ಒತ್ತಿ. ಕೂದಲೆಳೆಯಷ್ಟು ಅಲ್ಲಾಡಿದ್ದು ಬೆರಳಿಗೆ ಗೊತ್ತಾಗುತ್ತೆ. ಆ ಅಲ್ಲಾಟ ಸಿಕ್ಕ ಕೂಡಲೇ ಪೂರ್ತಿ ಸುತ್ತು ಹೊಡೆಸೋ ಆತುರ ಬೇಡ. ಒಂದು ಹನಿ ಎಣ್ಣೆ ಬಿಡಿ, ಮತ್ತೆ ಕಾಯಿಸಿ, ಮತ್ತೆ ಒತ್ತಿ. ಅಲ್ಲಾಡಲೇ ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ, ಹಳೇ ಎಂಜಿನ್ನಿಗೆ ಅದು ಸಿಗೋದಿಲ್ಲ.

ಮೊಂಡು ಕೇಸುಗಳಿಗೆ ಕೂಲಂಟ್ ಸ್ನಾನ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗೋ ಕಾರಿನ ಕೂಲಂಟ್, ಎಥಿಲೀನ್ ಗ್ಲೈಕಾಲ್ ಇರೋದು. ಅಡುಗೆ ಮನೆಗೆ ಮತ್ತೆಂದೂ ವಾಪಸ್ ಹೋಗದಂಥ ಪಾತ್ರೆ ಒಂದು. ಮನೆಯ ಹೊರಗೆ, ಗಾಳಿ ಆಡೋ ಕಡೆ, ಕುದಿಯೋಕೆ ಬಿಡದೆ 90 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಇಡಿ. ರಬ್ಬರ್, ಪ್ಲಾಸ್ಟಿಕ್, ಗ್ಯಾಸ್ಕೆಟ್, ಬಣ್ಣದ ನಟ್ ಎಲ್ಲ ಮೊದಲೇ ತೆಗೆದಿಟ್ಟಿರಬೇಕು. ಕಂದು ಪೊರೆ ಬಿಟ್ಟುಕೊಂಡು ಬರುತ್ತೆ. ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಆ ಕ್ಷಣವೇ ಎಣ್ಣೆ ಹಾಕಿ, ಇಲ್ಲದಿದ್ದರೆ ಬೆಳಗಾಗೋದರೊಳಗೆ ತುಕ್ಕು. ಕೂಲಂಟ್ ಸಿಹಿಯಾಗಿರುತ್ತೆ, ವಿಷ. ಬೀದಿನಾಯಿ ನೆಕ್ಕಿದರೆ ಅದರ ಕಥೆ ಮುಗೀತು. ಮುಚ್ಚಿಡಿ, ಚರಂಡಿಗೂ ಚೆಲ್ಲಬೇಡಿ.

ಬಿಚ್ಚುವಾಗ ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ತಲೆಯ ಸೀಳಿಗೆ ಸರಿಯಾಗಿ ಕೂರಬೇಕು. ಫ್ಯಾಕ್ಟರಿಯಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಮೊದಲು ಕಲಿಸುತ್ತಿದ್ದದ್ದೇ ಇದು. ಕಾಕ್ಸ್ ಆದರೆ ಅದರದ್ದೇ ಚಪ್ಪಟೆ ಸ್ಪ್ಯಾನರ್ ಬೇಕು. ಲೈನರ್, ಅಂದರೆ ಸಿಲಿಂಡರಿನ ಒಳಗೊಳವೆ, ಹೊರಗೆ ತೆಗೆಯೋ ಮುಂಚೆ ಯಾವ ಕಿಂಡಿ ಯಾವ ಕಡೆಗಿತ್ತು ಅಂತ ಮಾರ್ಕರ್ ಪೆನ್ನಲ್ಲಿ ಗುರುತು ಹಾಕಿ. ಹಳೇ ಪಿಸ್ಟನ್ನಿನ ತಲೆಯಲ್ಲಿ ಒಂದು ದಿಣ್ಣೆ ಇದ್ದರೆ ಅದರ ಕಡಿದಾದ ಬದಿ ಇಂಧನ ಒಳಗೆ ಬರೋ ಕಿಂಡಿಯ ಕಡೆಗೆ, ಇಳಿಜಾರು ಬದಿ ಹೊಗೆಕಿಂಡಿಯ ಕಡೆಗೆ. ಉಲ್ಟಾ ಕೂರಿಸಿದರೆ ಎಂಜಿನ್ ಸ್ಟಾರ್ಟ್ ಆಗೋದೇ ಕಷ್ಟ, ಆದರೂ ಜೀವ ಇರೋದಿಲ್ಲ. ಬೇರಿಂಗ್ ಗರಗರ ಅಂದರೆ ಬದಲಾಯಿಸಿ. ಅದರ ಮೇಲೆ ನಂಬರ್ ಕೊರೆದಿರುತ್ತೆ, ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆ ಕಡೆ ಹೋದಾಗ ತಂದರಾಯಿತು.

ಎಮರಿ ಪೇಪರ್ ಮಾತ್ರ ಮೇಜಿನ ಮೇಲೂ ಇಟ್ಟುಕೊಳ್ಳಬೇಡಿ. ಪಿಸ್ಟನ್ ಒಂದು ಸಲ ಉಜ್ಜಿದರೆ ಕಂಪ್ರೆಷನ್ ಹೋಯಿತು, ಇನ್ನು ಬ್ರಹ್ಮ ಬಂದರೂ ಬರೋದಿಲ್ಲ. ಹೊರಗಡೆಯೂ ಬಫ್ ಹೊಡೆಸಿ ಫಳಫಳ ಮಾಡೋರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಕಪ್ಪು ಹಿಡಿದಿರೋ ಎಂಜಿನ್ ಓಡಿದೆ ಅಂತ ಅರ್ಥ, ಹಾಗೇ ಇರಲಿ.

ಇದೇ ಮಾತಿಗೆ ಇನ್ನೊಂದು ಸೇರಿಸಬೇಕು. ಹಳೇ ಲೋಹದ ಹುಚ್ಚು ಇರೋರಲ್ಲಿ ಅರ್ಧ ಜನಕ್ಕೆ ಹಳೇ ಬಂದೂಕಿನ ಹುಚ್ಚೂ ಇರುತ್ತೆ. ಪಾವಗಡ ಕಡೆಯ ಪರಿಚಯದವರೊಬ್ಬರು ತಾತನ ನಾಡಬಂದೂಕಿನ ಫೋಟೊ ತೋರಿಸಿ "ಇದನ್ನೂ ಹಂಗೇ ಕಾಯ್ಸಿ ಬಿಡ್ಸಿಕೊಡಿ ಅಣ್ಣ" ಅಂದರು. ಕೈ ಮುಗಿದೆ. ಮೂತಿಯಿಂದ ಮದ್ದು ತುಂಬೋ ಬಂದೂಕಿನೊಳಗೆ ಹಳೇ ಮದ್ದು ಹಾಗೇ ಉಳಿದಿರಬಹುದು, ಕರಿಮದ್ದು ಎಷ್ಟು ಹಳೇದಾದರೂ ಒಣಗಿದ್ದರೆ ಹೊತ್ತಿಕೊಳ್ಳುತ್ತೆ. ಅದಕ್ಕೆ ಹೀಟ್ ಗನ್ ಹಿಡಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಎರಡನೇದು, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳೋಕಷ್ಟೇ ಅಲ್ಲ, ದಂಧೆಯಾಗಿ ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು. ತಾತ ತೀರಿಕೊಂಡು ಲೈಸೆನ್ಸ್ ಅವರ ಹೆಸರಲ್ಲೇ ಉಳಿದಿದ್ದರೆ ಮೊದಲು ಠಾಣೆಗೆ ತಿಳಿಸಿ, ಠಾಣೆಯಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ತಿರವೋ ಬಂದೂಕು ಠೇವಣಿ ಇಟ್ಟು, ವಾರಸುದಾರರು ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಅದರ ತುಕ್ಕು ತೆಗೆಯೋ ಕೆಲಸ ಆಮೇಲೆ, ಅದೂ ಲೈಸೆನ್ಸ್ ಇರೋ ಬಂದೂಕು ರಿಪೇರಿಯವರಿಂದ. ನನ್ನ ಮೇಜಿಗೆ ಬರೋದು ಹಾರೋ ಸಾಮಾನು ಮಾತ್ರ.

ಇಂಧನಕ್ಕೆ ಬರೋಣ. ಹಳೇ ಗ್ಲೋ ಎಂಜಿನ್ನಿಗೆ ನೂರರಲ್ಲಿ ಇಪ್ಪತ್ತು ಭಾಗವಾದರೂ ಎಣ್ಣೆ ಬೇಕು, ಅದರಲ್ಲಿ ಹರಳೆಣ್ಣೆ ಇರಲೇಬೇಕು. ಈಗಿನ ರೆಡಿ ಇಂಧನಗಳಲ್ಲಿ ಎಷ್ಟೋ ಬಾರಿ ಎಣ್ಣೆ ಕಮ್ಮಿ, ಇರೋದೂ ಸಿಂಥೆಟಿಕ್. ಡಬ್ಬದ ಮೇಲೆ ಓದಿ, ಕಮ್ಮಿ ಇದ್ದರೆ ಹರಳೆಣ್ಣೆ ಸೇರಿಸಿ. ಕಾಕ್ಸ್‌ಗೆ ನೈಟ್ರೋಮೀಥೇನ್ ಹದಿನೈದರಿಂದ ಇಪ್ಪತ್ತೈದು ಭಾಗ ಬೇಕು, ಉಳಿದವಕ್ಕೆ ಐದಿದ್ದರೂ ನಡೆಯುತ್ತೆ. ನಮ್ಮ ಜಿಲ್ಲೆಯಲ್ಲಿ ಹರಳು ಬೆಳೆಯೋರಿದ್ದಾರೆ, ಮನೆಯಲ್ಲೇ ಎಣ್ಣೆ ತೆಗೆಯೋರೂ ಇದ್ದಾರೆ. ಬೀಜ ಹುರಿದು ಕುಟ್ಟಿ ನೀರಲ್ಲಿ ಕುದಿಸಿ ಮೇಲೆ ತೇಲಿದ್ದನ್ನು ಬಸಿಯೋ ಆ ಎಣ್ಣೆ ತಲೆಗೆ, ಹೊಟ್ಟೆಗೆ ಬಲು ಒಳ್ಳೇದು, ಎಂಜಿನ್ನಿಗಲ್ಲ. ಅದರಲ್ಲಿ ನೀರಿನ ಅಂಶ, ಗಷ್ಟು ಉಳಿದಿರುತ್ತೆ. ಮೆಡಿಕಲ್ ದರ್ಜೆಯ ಸೋಸಿದ ಹರಳೆಣ್ಣೆಯೇ ಬೇಕು.

ಡೀಸೆಲ್‌ಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಸಮಪಾಲು. ಸೀಮೆಎಣ್ಣೆಗೂ ಹರಳೆಣ್ಣೆಗೂ ಕೂಡಿಬರೋದಿಲ್ಲ, ಎರಡನ್ನೂ ಸೇರಿಸೋದು ಈಥರ್. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ದೂರದ ಊದಿನಕಡ್ಡಿಯ ಕಿಡಿಗೂ ಹೊತ್ತಿಕೊಳ್ಳುತ್ತೆ. ಮೆಥನಾಲಿನ ಉರಿ ಬಿಸಿಲಲ್ಲಿ ಕಣ್ಣಿಗೇ ಕಾಣೋದಿಲ್ಲ, ಕುಡಿದರೆ ಕಣ್ಣು ಹೋಗುತ್ತೆ, ಜೀವವೂ ಹೋಗುತ್ತೆ. ನೀರಿನ ಬಾಟಲಿಗೆ ಯಾವುದನ್ನೂ ತುಂಬಬೇಡಿ. ನಾನಂತೂ ಮನೆಯಲ್ಲಿ ಕಲೆಸೋದನ್ನು ಬಿಟ್ಟು ಹಾಬಿ ಅಂಗಡಿಯ ರೆಡಿ ಡಬ್ಬವನ್ನೇ ತರ್ತೀನಿ.

ಸ್ಟಾರ್ಟ್ ಮಾಡೋಕೆ ಎಂಜಿನ್ನನ್ನು ಗಟ್ಟಿ ಮರದ ಹಲಗೆಗೆ ನಟ್ ಬೋಲ್ಟ್ ಹಾಕಿ ಬಿಗಿದು, ಹಲಗೆಯನ್ನು ವೈಸಿಗೆ ಕಚ್ಚಿಸಿ. ಪ್ರೊಪೆಲರ್ ಕಾಕ್ಸ್‌ಗೆ 6x3, 1.5 ಸಿಸಿ ಡೀಸೆಲ್‌ಗೆ 8x4 (ಮೊದಲ ಅಂಕಿ ಇಂಚಿನಲ್ಲಿ ಉದ್ದ, ಎರಡನೇದು ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಹೋಗೋ ಲೆಕ್ಕ). ಎಂಜಿನ್ ಜೊತೆ ಸಿಕ್ಕ ಹಳೇ ನೈಲಾನ್ ಪ್ರೊಪೆಲರ್ ಗೋಡೆಗೆ ನೇತುಹಾಕಿ, ಓಡಿಸೋಕೆ ಹೊಸದು. ಗ್ಲೋ ಆದರೆ ಇಂಧನ ಹೆಚ್ಚುಕಮ್ಮಿ ಮಾಡೋ ಸೂಜಿ ಸ್ಕ್ರೂ, ಅಂದರೆ ನೀಡಲ್, ಮೂರು ಸುತ್ತು ತೆರೆದು, ಗಾಳಿಕಿಂಡಿಗೆ ಬೆರಳು ಮುಚ್ಚಿ ಒಂದೆರಡು ಸುತ್ತು ತಿರುಗಿಸಿ ಇಂಧನ ಎಳೆಸಿ. ಬೆರಳು ತೆಗೆದು, ಕೈ ದೂರ ಮಾಡಿದ ಮೇಲೆ ಪ್ಲಗ್ಗಿಗೆ ಬ್ಯಾಟರಿ. ಬೆರಳಿನಲ್ಲಿ ತಟ್ಟಬೇಡಿ, ಕೋಲಿಗೆ ರಬ್ಬರ್ ಪೈಪಿನ ತುಂಡು ತೊಡಿಸಿ ಅದರಲ್ಲಿ ತಟ್ಟಿ. ಹತ್ತಿಕೊಂಡ ಮೇಲೆ ಹಿಂದೆ ಬಂದು ನಿಂತು ಬ್ಯಾಟರಿ ಬಿಡಿಸಿ, ನೀಡಲ್ ತಿರುಗಿಸಿ. ಪ್ರೊಪೆಲರಿನ ನೇರಕ್ಕೆ ಮಕ್ಕಳು ನಿಂತಿರಬಾರದು, ಮೊಮ್ಮಗನಾದರೂ ಸರಿ. ಮೊದಲ ಕೆಲವು ಟ್ಯಾಂಕು ಇಂಧನ ಜಾಸ್ತಿ ಕೊಟ್ಟು ಬಡಬಡ ಸದ್ದಿನಲ್ಲೇ ಓಡಲಿ. ಕಿರ್ರ್ ಅಂತ ಕಿರುಚಿಸೋ ಆಸೆ ಆಮೇಲೆ.

ಡೀಸೆಲ್‌ಗೆ ಬ್ಯಾಟರಿ ಇಲ್ಲ. ತಟ್ಟುತ್ತಾ ತಟ್ಟುತ್ತಾ ಮೇಲಿನ ಸ್ಕ್ರೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಹಿಂದಕ್ಕೆ ಒದ್ದರೆ ಸಡಿಲ ಮಾಡಿ. ಮೇಲೆ ಬರುವಾಗ ಪಿಸ್ಟನ್ ಗಕ್ಕಂತ ನಿಂತರೆ ಒಳಗೆ ಇಂಧನ ತುಂಬಿದೆ ಅಂತ, ಒತ್ತದೆ ಸ್ಕ್ರೂ ಬಿಚ್ಚಿ ಖಾಲಿ ಮಾಡಿ.

ಹಾರಿಸೋರು ಜನವರಿ, ಫೆಬ್ರುವರಿಯಲ್ಲಿ ರಾಗಿ ಕೊಯ್ದ ಹೊಲ ನೋಡಿಕೊಳ್ಳಿ, ಹೊಲದ ಯಜಮಾನರನ್ನು ಕೇಳಿಕೊಂಡು. ಕಂಟ್ರೋಲ್ ಲೈನ್ ಆದರೆ ಹತ್ತು ಮೀಟರ್ ತಂತಿ, ಸುತ್ತ ಅದರ ಎರಡರಷ್ಟು ಬಯಲು. ಹತ್ತಿರ ಕರೆಂಟ್ ಲೈನ್ ಇದ್ದರೆ ಆ ಜಾಗದ ಮಾತೇ ಬೇಡ, ಕೈಯಲ್ಲಿರೋದು ಸ್ಟೀಲ್ ತಂತಿ. ರೇಡಿಯೊ ವಿಮಾನ ಆದರೆ ಎಲ್ಲಿ ಹಾರಿಸಬಹುದು ಅಂತ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹೋಗಬೇಡಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, ಆ ಕಡೆ ಆಕಾಶ ನಮ್ಮದಲ್ಲ.

ಸಂಜೆ ಮನೆಗೆ ಬರೋ ಮುಂಚೆ ಇಂಧನದ ಪೈಪ್ ಕಿತ್ತು, ಒಳಗಿರೋದು ಪೂರ್ತಿ ಸುಟ್ಟು ತಾನೇ ನಿಲ್ಲೋವರೆಗೂ ಓಡಿಸಿ. ಮೆಥನಾಲ್ ಗಾಳಿಯ ನೀರು ಹೀರುತ್ತೆ, ಉಳಿದರೆ ಬೇರಿಂಗ್ ತುಕ್ಕು. ಆಮೇಲೆ ಗಾಳಿಕಿಂಡಿಗೂ ಪ್ಲಗ್ಗಿನ ತೂತಿಗೂ ಹೊಲಿಗೆ ಮಷೀನಿನ ಎಣ್ಣೆ ನಾಲ್ಕು ಹನಿ ಬಿಟ್ಟು, ಪ್ರೊಪೆಲರ್ ಹತ್ತು ಸುತ್ತು ತಿರುಗಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಇಡೋಕೆ ಹರಳೆಣ್ಣೆ ಹಾಕಬೇಡಿ, ಮತ್ತೆ ಹೀಟ್ ಗನ್ ಹುಡುಕಬೇಕಾಗುತ್ತೆ.