ಕೆಂಪು ದಿನ, ಸೌದೆ ಒಲೆ
ಬೆಳಗ್ಗೆ ಏಳೂವರೆಗೂ ಹೊರಗೆ ಕತ್ತಲು. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಎಂಟೂವರೆ ಹೊತ್ತಿಗೆ. ನಮ್ಮಲ್ಲಿ ಅಂದರೆ ಫ್ರಾನ್ಸಿನ ಲಿಮೂಸಾಂ ಕಡೆಯ ಹಳ್ಳಿ, ಕೆಂಪು ದನಗಳ ಊರು.

ಅವತ್ತು ಬುಧವಾರ, ಮಕ್ಕಳಿಗೆ ಶಾಲೆ ಇಲ್ಲ. ಸಾಲದ್ದಕ್ಕೆ ಕರೆಂಟಿನ ‘ಕೆಂಪು ದಿನ’. ನಾವು ಹಾಕಿಸಿಕೊಂಡಿರುವ ‘ಟೆಂಪೊ’ ಅನ್ನುವ ಕರೆಂಟ್ ದರದಲ್ಲಿ ದಿನದ ಬಣ್ಣದ ಮೇಲೆ ಬೆಲೆ: ವರ್ಷಕ್ಕೆ 300 ಅಗ್ಗದ ನೀಲಿ ದಿನ, 43 ನಡುವಿನ ಬಿಳಿ ದಿನ, 22 ತೀರಾ ದುಬಾರಿ ಕೆಂಪು ದಿನ. ಕೆಂಪು ದಿನ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಹೀಟರ್ ಹಾಕಿದರೆ ಬಿಲ್ಲೇ ಶಾಕ್ ಹೊಡೆಯುತ್ತದೆ. ಬಣ್ಣ ಹಿಂದಿನ ದಿನವೇ ಗೊತ್ತಾಗುತ್ತದೆ, ಅದೊಂದು ಪುಣ್ಯ. ಇಡೀ ದಿನ ಸೌದೆ ಒಲೆಯೇ ಗತಿ.

ನಾನು ತೀರ್ಥಹಳ್ಳಿ ಕಡೆಯವಳು. ಬಚ್ಚಲೊಲೆಗೆ ಬೆಂಕಿ ಹಾಕಿ ಬೆಳೆದವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಮೊದಲ ಚಳಿಗಾಲದಲ್ಲೇ ಜಂಬ ಇಳಿಯಿತು. ಕೆಳಗೆ ಚಕ್ಕೆ, ಮೇಲೆ ದಪ್ಪ ಸೌದೆ ಇಟ್ಟು ಹಚ್ಚಿದರೆ ಮನೆ ತುಂಬ ಹೊಗೆ, ಒಲೆಯ ಗಾಜು ಕರ್ರಗೆ. ಪಕ್ಕದ ಮನೆ ಅಜ್ಜಿ ಬಂದು ಎರಡು ಸೌದೆ ಎತ್ತಿಕೊಂಡು ಒಂದಕ್ಕೊಂದು ತಟ್ಟಿದರು. ಟಣ್ ಅನ್ನಬೇಕಿತ್ತು, ದೊಪ್ ಅಂದಿತು. ಹಸಿ! ಒಣಗಿದ್ದು ಅಂತ ಹೇಳಿ ನಾಲ್ಕು ಸ್ಟೇರ್ ಮಾರಿದವನು ಆಮೇಲೆ ಫೋನೇ ಎತ್ತಲಿಲ್ಲ. (ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರುವ ರಾಶಿ ಒಂದು ಸ್ಟೇರ್.) ಈಗ ಓಕ್, ಬೀಚ್ ಮರದ ಸೌದೆ ಕೊಂಡು ಎರಡು ವರ್ಷ ಒಣಗಿಸುತ್ತೇವೆ. ಹಚ್ಚುವುದೂ ಉಲ್ಟಾ: ಅಡಿಗೆ ದಪ್ಪದ್ದು, ಅದರ ಮೇಲೆ ಸಣ್ಣದು, ತುದಿಯಲ್ಲಿ ಚಕ್ಕೆ. ಬೆಂಕಿ ಮೇಲಿಂದ ಕೆಳಗಿಳಿಯುತ್ತದೆ. ಹೊಗೆ ಜ್ವಾಲೆಯಲ್ಲೇ ಉರಿದುಹೋಗುವುದರಿಂದ ಗಾಜಿಗೆ ಮಸಿ ಕಮ್ಮಿ.

ಒಲೆಯ ಮೇಲೆ ತೊಗರಿಬೇಳೆ ಇಟ್ಟೆ. ಕುಕ್ಕರ್ ಕೂಗುವಷ್ಟು ಕಾವು ಅಲ್ಲಿ ಸಿಗಲ್ಲ, ಪಾತ್ರೆಯಲ್ಲೇ ಎರಡೂವರೆ ಗಂಟೆ ಬೇಯಬೇಕು. ಆದರೆ ಆ ಸಾರಿನ ರುಚಿಯೇ ಬೇರೆ. ದೋಸೆ ಹಿಟ್ಟು ಒಲೆಯಿಂದ ನಾಲ್ಕು ಅಡಿ ದೂರ, ಸ್ಟೂಲಿನ ಮೇಲೆ. ಒಮ್ಮೆ ತೀರಾ ಹತ್ತಿರ ಇಟ್ಟು, ಪಾತ್ರೆಯ ಒಂದು ಬದಿ ಹಿಟ್ಟು ಬೆಂದೇ ಹೋಗಿತ್ತು.

ಸಂಜೆ ಅಜ್ಜಿ ಗಾಲೆತ್ ತಂದರು. ಬಾದಾಮಿ ಹೂರಣ ತುಂಬಿದ, ಪದರು ಪದರಿನ ದುಂಡನೆ ತಿಂಡಿ. ಒಳಗೆಲ್ಲೋ ಬೆರಳ ತುದಿಯಷ್ಟು ಪಿಂಗಾಣಿ ಗೊಂಬೆ, ಅದು ಸಿಕ್ಕವರಿಗೆ ಕಿರೀಟ. ಮನೆಯ ಅತಿ ಚಿಕ್ಕವರು ಮೇಜಿನ ಕೆಳಗೆ ಕೂತು, ಯಾವ ತುಂಡು ಯಾರಿಗೆ ಅಂತ ಕೂಗಬೇಕು. ನಮ್ಮ ಸಣ್ಣವನು ಮೊದಲ ತುಂಡನ್ನೇ “ನಂಗೆ!” ಅಂದ. ಗೊಂಬೆ ಸಿಕ್ಕಿದ್ದು ಮಾತ್ರ ನಮ್ಮ ಯಜಮಾನರಿಗೆ. ಕಾಗದದ ಕಿರೀಟ ಹಾಕಿಕೊಂಡೇ ಹಿತ್ತಲಿಗೆ ಹೋಗಿ ರಾತ್ರಿಗೆ ಬೇಕಾದ ಸೌದೆ ಹೊತ್ತು ತಂದರು.

10 ಹೊಡೆಯುವುದನ್ನೇ ಕಾದು ವಾಷಿಂಗ್ ಮೆಷಿನ್ ಹಾಕಿದೆ.