ದೈತ್ಯ, ದಾನವ, ರಾಕ್ಷಸ: ಪುರಾಣ ಓದುವಾಗ ಗುರುತಿಸುವುದು ಹೇಗೆ?

ಕಥೆ ಹೇಳುವಾಗ ನಾವು ಹಿರಣ್ಯಕಶಿಪುವನ್ನೂ ವೃತ್ರನನ್ನೂ ರಾವಣನನ್ನೂ ಒಂದೇ ಉಸಿರಿನಲ್ಲಿ 'ರಾಕ್ಷಸ' ಎಂದುಬಿಡುತ್ತೇವೆ. ಆಡುಮಾತಿನಲ್ಲಿ ಇದು ನಡೆಯುತ್ತದೆ. ಆದರೆ ಮೂಲಗ್ರಂಥವನ್ನು ಹಿಡಿದು ಓದಲು ಕುಳಿತವರಿಗೆ ಈ ರೂಢಿ ತೊಡಕಾಗುತ್ತದೆ, ಏಕೆಂದರೆ ದೈತ್ಯ, ದಾನವ, ರಾಕ್ಷಸ ಎಂಬವು ಅಲ್ಲಿ ಬೈಗುಳಗಳಲ್ಲ, ಕುಲದ ಹೆಸರುಗಳು. ಆದ್ದರಿಂದ ಹೊಸ ಪಾತ್ರವೊಂದು ಎದುರಾದಾಗ ಅವನು ಒಳ್ಳೆಯವನೋ ಕೆಟ್ಟವನೋ ಎಂದು ತೀರ್ಮಾನಿಸುವ ಮೊದಲು, ಅವನು ಯಾವ ತಾಯಿಯ ಮಗ ಎಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಿ.

ತಾಯಿಯನ್ನೇ ಕೇಳಬೇಕು, ಏಕೆಂದರೆ ತಂದೆ ಬಹುತೇಕ ಒಬ್ಬನೇ. ಕಶ್ಯಪ ಪ್ರಜಾಪತಿಗೆ ಅದಿತಿಯಲ್ಲಿ ಹುಟ್ಟಿದವರು ಆದಿತ್ಯರು, ಅಂದರೆ ದೇವತೆಗಳು; ದಿತಿಯಲ್ಲಿ ಹುಟ್ಟಿದವರು ದೈತ್ಯರು, ದನುವಿನಲ್ಲಿ ಹುಟ್ಟಿದವರು ದಾನವರು; ಈ ಇಬ್ಬರನ್ನೂ ಒಟ್ಟಾಗಿ ಅಸುರರೆನ್ನುತ್ತಾರೆ. ದೇವಾಸುರ ಯುದ್ಧವೆಂದು ನಾವು ಓದುವುದೆಲ್ಲ ಹೀಗೆ ಮಲಸಹೋದರರ ನಡುವಿನ ಜಗಳ, ಸ್ವರ್ಗದ ಪಾಲಿಗಾಗಿ ನಡೆದ ದಾಯಾದಿ ಕಲಹ. ರಾಕ್ಷಸರ ಕಥೆ ಬೇರೆ. ರಾವಣ, ಕುಂಭಕರ್ಣ, ವಿಭೀಷಣ, ಶೂರ್ಪಣಖಿಯರು ಪುಲಸ್ತ್ಯ ಋಷಿಯ ಮಗ ವಿಶ್ರವಸನಿಗೆ ಕೈಕಸಿಯಲ್ಲಿ ಹುಟ್ಟಿದವರು. ಧನಾಧಿಪತಿ ಕುಬೇರ ಅದೇ ವಿಶ್ರವಸನ ಇನ್ನೊಬ್ಬ ಮಗ. ರಾಕ್ಷಸ ಎಂಬ ಹೆಸರಿನ ಹುಟ್ಟನ್ನು ರಾಮಾಯಣದ ಉತ್ತರಕಾಂಡ ವಿವರಿಸುವ ರೀತಿ ನೆನಪಿಡತಕ್ಕದ್ದು: ನೀರನ್ನು ಕಾಯಲು ಬ್ರಹ್ಮನು ಸೃಷ್ಟಿಸಿದ ಜೀವಿಗಳಲ್ಲಿ 'ರಕ್ಷಿಸುತ್ತೇವೆ' ಎಂದವರು ರಾಕ್ಷಸರಾದರಂತೆ.

ಓದುತ್ತಿರುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ವಂಶವೃಕ್ಷವನ್ನು ಬರೆಯುತ್ತಾ ಹೋಗಿ. ದಿತಿಯ ಕೆಳಗೆ ಹಿರಣ್ಯಕಶಿಪು, ಅವನ ಮಗ ಪ್ರಹ್ಲಾದ, ಪ್ರಹ್ಲಾದನ ಮಗ ವಿರೋಚನ, ಅವನ ಮಗ ಬಲಿ, ಬಲಿಯ ಮಗ ಬಾಣ ಎಂದು ಐದು ತಲೆಮಾರುಗಳನ್ನು ಬರೆದ ಕೂಡಲೇ, ಬಿಡಿಬಿಡಿಯಾಗಿ ಕೇಳಿದ್ದ ಕಥೆಗಳು ಒಂದೇ ಮನೆಯ ಕಥೆಗಳೆಂದು ಕಾಣತೊಡಗುತ್ತವೆ. ಮುತ್ತಜ್ಜನನ್ನು ಕೊಂದ ನರಸಿಂಹ, ಬಲಿಯ ಬಾಗಿಲಿಗೆ ದಾನಕ್ಕಾಗಿ ಬಂದ ವಾಮನ, ಬಾಣನ ಸಾವಿರ ತೋಳುಗಳನ್ನು ಕತ್ತರಿಸಿದ ಕೃಷ್ಣ, ಮೂವರೂ ವಿಷ್ಣುವೇ. ಕೊನೆಗೆ ಬಾಣನ ಮಗಳು ಉಷೆ ಕೃಷ್ಣನ ಮೊಮ್ಮಗ ಅನಿರುದ್ಧನ ಕೈಹಿಡಿಯುವುದರಿಂದ ಹಗೆತನ ಬೀಗತನದಲ್ಲಿ ಮುಗಿಯುತ್ತದೆ. ಹೆಣ್ಣುಮಕ್ಕಳ ಹೆಸರುಗಳನ್ನು ಮಾತ್ರ ಬಿಡಬೇಡಿ. ಹಾಳೆಯಲ್ಲಿ ಎಲ್ಲಕ್ಕಿಂತ ಹೆಚ್ಚು ತಿಳಿಸುವವು ಅವೇ. ಇಂದ್ರನ ಪತ್ನಿ ಶಚಿ ದಾನವನಾದ ಪುಲೋಮನ ಮಗಳು. ದಾನವರಾಜ ವೃಷಪರ್ವನ ಮಗಳು ಶರ್ಮಿಷ್ಠೆಗೆ ಯಯಾತಿಯಿಂದ ಹುಟ್ಟಿದ ಪೂರುವಿನ ವಂಶದಲ್ಲೇ ಮುಂದೆ ಕೌರವರೂ ಪಾಂಡವರೂ ಬರುತ್ತಾರೆ.

ಎರಡನೆಯದಾಗಿ, ಯಾವ ಕಾಲದ ಗ್ರಂಥ ಕೈಯಲ್ಲಿದೆ ಎಂಬುದನ್ನು ಗಮನಿಸಿ. ಋಗ್ವೇದದಲ್ಲಿ 'ಅಸುರ' ಎಂದು ಕಂಡೊಡನೆ ದೇವವೈರಿ ಎಂದು ಅರ್ಥ ಮಾಡಿದರೆ ಓದು ದಾರಿ ತಪ್ಪುತ್ತದೆ. ಅಲ್ಲಿ ವರುಣನೂ ಅಸುರ, ಇಂದ್ರನೂ ಅಸುರ, ಸವಿತೃವೂ ಅಸುರ. ಮೂರನೆಯ ಮಂಡಲದ 55ನೆಯ ಸೂಕ್ತದ ಮಂತ್ರಗಳು 'ಮಹದ್ದೇವಾನಾಮಸುರತ್ವಮೇಕಮ್' ಎಂಬ ಪಲ್ಲವಿಯಿಂದ ಮುಗಿಯುತ್ತವೆ. ದೇವತೆಗಳ ಅಸುರತ್ವ ದೊಡ್ಡದು, ಒಂದೇ ಆದದ್ದು ಎಂದು ಅದರ ತಾತ್ಪರ್ಯ. 'ಅಸು' ಎಂದರೆ ಪ್ರಾಣ, ನಮ್ಮ 'ಅಸುನೀಗು' ಎಂಬ ಮಾತಿನಲ್ಲಿರುವುದೂ ಅದೇ ಪದ, ಹಾಗಾಗಿ ಪ್ರಾಣಬಲವುಳ್ಳವನು ಎಂಬ ಅರ್ಥ ಇಲ್ಲಿ ಹೊಂದುತ್ತದೆ. ಅಸುರ ಎಂದರೆ ಸುರನಲ್ಲದವನು ಎಂದು ಒಡೆದು ಹೇಳುವುದು ಆಮೇಲಿನ ವಾಡಿಕೆ.

ಮೂರನೆಯದು ವರ. ಪ್ರತಿಯೊಂದು ವರವನ್ನೂ ಜಮೀನಿನ ಪತ್ರ ಓದುವಷ್ಟು ನಿಧಾನವಾಗಿ, ಷರತ್ತು ಷರತ್ತಾಗಿ ಓದಬೇಕು. ಇಡೀ ಕಥೆಯ ಕೀಲು ಅಲ್ಲೇ ಇರುತ್ತದೆ. ಭಾಗವತದ ಏಳನೆಯ ಸ್ಕಂಧದಲ್ಲಿ ಹಿರಣ್ಯಕಶಿಪು ಕೇಳಿದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ: ಒಳಗೂ ಸಾವು ಬೇಡ, ಹೊರಗೂ ಬೇಡ, ಹಗಲೂ ಬೇಡ, ಇರುಳೂ ಬೇಡ, ನೆಲದ ಮೇಲೂ ಬೇಡ, ಆಕಾಶದಲ್ಲೂ ಬೇಡ, ಮನುಷ್ಯನಿಂದಲೂ ಮೃಗದಿಂದಲೂ ಆಯುಧದಿಂದಲೂ ಬೇಡ. ಅದರ ಕೆಳಗೆ ಅವನ ಸಾವನ್ನು ಬರೆಯಿರಿ: ಮುಸ್ಸಂಜೆ, ಬಾಗಿಲು, ತೊಡೆ, ಉಗುರು, ಅರ್ಧ ನರ ಅರ್ಧ ಸಿಂಹ. ಒಂದು ಷರತ್ತೂ ಮುರಿದಿಲ್ಲ. ರಾವಣನದು ಬೇರೆ ಬಗೆಯ ತಪ್ಪು. ಅವನು ದೇವ, ದಾನವ, ಯಕ್ಷ, ನಾಗರಿಂದ ರಕ್ಷಣೆ ಕೇಳಿ, ಹುಲ್ಲಿಗೆ ಸಮಾನರೆಂದು ಮನುಷ್ಯರನ್ನು ಪಟ್ಟಿಯಿಂದ ಬಿಟ್ಟ. ಒಬ್ಬ ಎಲ್ಲವನ್ನೂ ಎಣಿಸಲು ಹೋಗಿ ಸೋತರೆ, ಇನ್ನೊಬ್ಬ ತಿರಸ್ಕಾರದಿಂದ ಸೋತ. ಇಬ್ಬರನ್ನೂ ಬರಿಯ ದುಷ್ಟರೆಂದು ಓದಿದವರಿಗೆ ಈ ವ್ಯತ್ಯಾಸ ಎಂದಿಗೂ ಕಾಣುವುದಿಲ್ಲ.

ಒಬ್ಬನದೇ ಕಥೆ ಎರಡು ಕಡೆ ಬೇರೆಯಾಗಿ ಬಂದರೆ ಎರಡನ್ನೂ ಬೆರೆಸಿ ಒಂದು ಮಾಡಬೇಡಿ. ಋಗ್ವೇದದ ವೃತ್ರ ದನುವಿನ ಮಗ, ನೀರನ್ನು ತಡೆಹಿಡಿದು ಮಲಗಿದವನು. ಮುಂದಿನ ಗ್ರಂಥಗಳಲ್ಲಿ ಅವನು ಹುಟ್ಟುವುದು, ದೇವಶಿಲ್ಪಿ ತ್ವಷ್ಟೃ ತನ್ನ ಮಗ ವಿಶ್ವರೂಪನನ್ನು ಇಂದ್ರನು ಕೊಂದ ಸಿಟ್ಟಿನಿಂದ ಮಾಡಿದ ಹೋಮದಲ್ಲಿ. ಆ ಹೋಮದ ಮಂತ್ರವನ್ನು ವ್ಯಾಕರಣ ಕಲಿಯುವವರು ಇಂದಿಗೂ ಉದಾಹರಿಸುತ್ತಾರೆ. 'ಇಂದ್ರಶತ್ರು' ಎಂಬ ಪದದ ಕೊನೆಯ ಅಕ್ಷರ ಉದಾತ್ತವಾಗಿದ್ದರೆ, ಅಂದರೆ ಏರುಸ್ವರದಲ್ಲಿದ್ದರೆ, ಇಂದ್ರನನ್ನು ಕೊಲ್ಲುವವನು ಎಂದಾಗುತ್ತಿತ್ತು. ಮೊದಲ ಅಕ್ಷರ ಉದಾತ್ತವಾದದ್ದರಿಂದ ಇಂದ್ರನೇ ಯಾರನ್ನು ಕೊಲ್ಲುವನೋ ಅವನು ಎಂದಾಯಿತು. ಅದೇ ವೃತ್ರ ಭಾಗವತದ ಆರನೆಯ ಸ್ಕಂಧದಲ್ಲಿ ರಣರಂಗದ ನಡುವೆಯೇ ಭಗವಂತನನ್ನು ಸ್ತುತಿಸುವ ಭಕ್ತನಾಗುತ್ತಾನೆ. ಮೂರೂ ಸರಿ, ಆಯಾ ಗ್ರಂಥದೊಳಗೆ.

ಕುಲ ಮತ್ತು ಸ್ವಭಾವಗಳನ್ನೂ ಹೀಗೆಯೇ ಬೇರೆಬೇರೆಯಾಗಿ ಬರೆದಿಡಿ. ಗೀತೆಯ 16ನೆಯ ಅಧ್ಯಾಯ 'ಆಸುರೀ ಸಂಪತ್ತು' ಎನ್ನುವುದು ದಂಭ, ದರ್ಪ, ಕ್ರೋಧಗಳನ್ನು, ಹುಟ್ಟನ್ನಲ್ಲ. 10ನೆಯ ಅಧ್ಯಾಯದಲ್ಲಿ ಕೃಷ್ಣನು 'ದೈತ್ಯರಲ್ಲಿ ನಾನು ಪ್ರಹ್ಲಾದ' ಎಂದೇ ಹೇಳಿಕೊಳ್ಳುತ್ತಾನೆ.

ಮೊದಲ ಅಭ್ಯಾಸಕ್ಕೆ ಭಾಗವತದ ಎಂಟನೆಯ ಸ್ಕಂಧದ ಬಲಿಯ ಕಥೆಯನ್ನು ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಬಂದವನು ವಿಷ್ಣುವೆಂದು ಗುರು ಶುಕ್ರಾಚಾರ್ಯರು ಎಚ್ಚರಿಸಿದ ಮೇಲೂ ಬಲಿ ಕೊಟ್ಟ ಮಾತನ್ನು ಹಿಂತೆಗೆಯುವುದಿಲ್ಲ. ಮೂರನೆಯ ಹೆಜ್ಜೆಯನ್ನು ತನ್ನ ತಲೆಯ ಮೇಲಿಡು ಎನ್ನುತ್ತಾನೆ. ಅಲ್ಲಿಗೆ ಪುಸ್ತಕ ಮುಚ್ಚದೆ ಮುಂದಿನ ಕೆಲವು ಶ್ಲೋಕಗಳನ್ನು ಓದಿ, ವಂಶವೃಕ್ಷದ ಹಾಳೆ ಎದುರಿಗಿರಲಿ. ಅಷ್ಟರಲ್ಲಿ ಅಜ್ಜ ಪ್ರಹ್ಲಾದ ಅಲ್ಲಿಗೆ ಬರುತ್ತಾನೆ. ವರುಣಪಾಶದಲ್ಲಿ ಬಿಗಿದಿದ್ದ ಬಲಿಗೆ ಎಂದಿನಂತೆ ಎದ್ದು ಹಿರಿಯನನ್ನು ಸತ್ಕರಿಸಲಾಗುವುದಿಲ್ಲ. ಕಣ್ಣು ತುಂಬಿಕೊಂಡು, ನಾಚಿ, ತಲೆಯನ್ನಷ್ಟೇ ಬಾಗಿಸುತ್ತಾನೆ.