ಸಾಂಕ್ರಾಮಿಕದ ದಿನಗಳಲ್ಲಿ ಭಯವನ್ನು ನಿಭಾಯಿಸುವ ಬಗೆ

2020ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಮೊದಲ ಕೊರೊನಾ ಪ್ರಕರಣ ಪತ್ತೆಯಾದಾಗ ನಾನು ವಿಜಯನಗರದ ಪಿ.ಜಿ.ಯೊಂದರಲ್ಲಿದ್ದುಕೊಂಡು ಪದವಿ ಓದುತ್ತಿದ್ದೆ. ಪಕ್ಕದ ಮಂಚದ ಗೆಳೆಯ, ಮಾಲೀಕರಿಗೆ ಕೇಳಿಸಬಾರದೆಂದು ದಿಂಬಿಗೆ ಬಾಯಿ ಒತ್ತಿಕೊಂಡು ಕೆಮ್ಮುತ್ತಿದ್ದ. ಅವನನ್ನು ಕಾಡುತ್ತಿದ್ದುದು ವೈರಸ್ಸಲ್ಲ, ರಾತ್ರೋರಾತ್ರಿ ಗಂಟುಮೂಟೆ ಕಟ್ಟಬೇಕಾದೀತೆಂಬ ದಿಗಿಲು.

ಆದ್ದರಿಂದ ಭಯ ಹುಟ್ಟಿದಾಗ ಅದು ರೋಗದ ಭಯವೋ ಜನರ ಭಯವೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಹಾಳೆಯ ಮೇಲೆ ಬರೆದುಕೊಂಡರೆ ಇನ್ನೂ ಒಳ್ಳೆಯದು. ರೋಗದ ಭಯಕ್ಕೆ ಮಾಡಲು ಕೆಲಸವಿರುತ್ತದೆ: ಮಾಸ್ಕ್ ಧರಿಸುವುದು, ಕಿಟಕಿ ತೆರೆದಿಡುವುದು, ಲಕ್ಷಣ ಕಂಡರೆ ಪರೀಕ್ಷೆ ಮಾಡಿಸುವುದು. ರಕ್ತದ ಆಮ್ಲಜನಕವನ್ನು ಬೆರಳಿನಿಂದ ಅಳೆಯುವ ಆಕ್ಸಿಮೀಟರ್ ಬಳಸುವುದಾದರೆ ಐದು ನಿಮಿಷ ಸುಮ್ಮನೆ ಕುಳಿತು, ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗಾಗಿಸಿ, ಉಗುರುಬಣ್ಣವಿದ್ದರೆ ತೆಗೆದು, ಅಂಕಿ ಒಂದೆಡೆ ನಿಲ್ಲುವವರೆಗೆ ಕಾಯಬೇಕು. ಅದು 94ಕ್ಕಿಂತ ಕೆಳಗೇ ಉಳಿದರೆ ತಡಮಾಡದೆ ವೈದ್ಯರನ್ನು ಸಂಪರ್ಕಿಸಿ. ಗಾಬರಿಯಲ್ಲಿ ನಿಮಿಷಕ್ಕೊಮ್ಮೆ ಬೆರಳು ತೂರಿಸುತ್ತಿದ್ದವರಲ್ಲಿ ನಾನೂ ಒಬ್ಬ.

ಸುದ್ದಿಯ ವಿಷಯದಲ್ಲಿ ಸ್ವಲ್ಪ ಜಿಪುಣತನವೇ ಮೇಲು. ಆರೋಗ್ಯ ಇಲಾಖೆಯ ಪ್ರಕಟಣೆಯನ್ನು ದಿನಕ್ಕೊಮ್ಮೆ ಓದಿ ಫೋನನ್ನು ಬದಿಗಿಡಿ. ವಾಟ್ಸಾಪ್‌ನಲ್ಲಿ ಬಂದ ಧ್ವನಿಮುದ್ರಿಕೆಯಲ್ಲಿ ದಿನಾಂಕ, ಸ್ಥಳ, ಹೇಳಿದವರ ಹೆಸರು ಇಲ್ಲದಿದ್ದರೆ ಮುಂದಕ್ಕೆ ಕಳುಹಿಸಬೇಡಿ.

ಜನರ ಭಯ ಹೆಚ್ಚು ಜಟಿಲವಾದುದು, ಏಕೆಂದರೆ ಅದನ್ನು ಒಬ್ಬರೇ ಕಳೆದುಕೊಳ್ಳಲಾಗದು. ಈ ಊರಿಗೆ ಅದು ಹೊಸದೂ ಅಲ್ಲ: 1898ರ ಪ್ಲೇಗಿನ ಬಳಿಕ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು, ಪ್ಲೇಗಮ್ಮನ ಗುಡಿಗಳೂ ಎದ್ದವು. ಕೊರೊನಾ ಕಾಲದಲ್ಲಿ ಬಾಗಿಲಿಗೆ ಅಂಟಿಸುತ್ತಿದ್ದ ಚೀಟಿ, ಕೈಗೆ ಒತ್ತುತ್ತಿದ್ದ ಮುದ್ರೆ ಎಚ್ಚರಿಕೆಗಾಗಿಯೇ ಇದ್ದರೂ, ನೋಡಿದವರು ಅವನ್ನು ಕಳಂಕವೆಂದು ಓದಿಕೊಂಡರು. ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಇಂಥ ಚೀಟಿ ಅಂಟಿಸಬಾರದೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಕಳಂಕಕ್ಕೆ ಅಂಜಿದವನು ಜ್ವರವನ್ನು ಮುಚ್ಚಿಡುತ್ತಾನೆ, ಮುಚ್ಚಿಟ್ಟ ಜ್ವರ ಮನೆಮಂದಿಗೆಲ್ಲ ಹಬ್ಬುತ್ತದೆ.

ಹೀಗಾಗಿ ನೆರೆಮನೆಯಲ್ಲಿ ಸೋಂಕು ಬಂದಿದೆಯೆಂದು ತಿಳಿದ ದಿನವೇ ಫೋನ್ ಮಾಡಿ, "ಹೇಗೆ ಬಂತು?" ಎಂಬ ವಿಚಾರಣೆಯನ್ನು ಬಿಟ್ಟು "ಏನು ತಂದುಕೊಡಲಿ?" ಎಂದು ಕೇಳಿ. ಹಾಲು, ಔಷಧಿಗಳನ್ನು ಬಾಗಿಲ ಬಳಿ ಸ್ಟೂಲಿನ ಮೇಲಿಟ್ಟು ದೂರ ಸರಿದರೆ ಸಾಕು. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಅವರ ಮನೆಯ ಸಂಖ್ಯೆಯನ್ನು ಹಾಕುವ ಉತ್ಸಾಹವನ್ನು ಮಾತ್ರ ದಯವಿಟ್ಟು ತಡೆದುಕೊಳ್ಳಿ.

2021ರ ಎರಡನೇ ಅಲೆಯಲ್ಲಿ ಅದೇ ಗೆಳೆಯನಿಗೆ ಬಾಡಿಗೆ ಕೋಣೆಯೊಂದರಲ್ಲಿ ಸೋಂಕು ತಗುಲಿತು. ಕೆಳಮನೆಯ ಅಜ್ಜಿ ಮೆಟ್ಟಿಲ ಮೇಲೆ ಅನ್ನ-ಸಾರಿನ ಡಬ್ಬಿ ಇಟ್ಟು, ಕೆಳಗಿಳಿದು, ಅಲ್ಲಿಂದಲೇ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಆ ಸಲ ಅವನು ಕಿಟಕಿ ತೆರೆದುಕೊಂಡೇ ಕೆಮ್ಮಿದ.